ಅಮೆರಿಕದ ಸೂಜಿಗಲ್ಲು ಶಾಲೆಗಳೂ ಅಧಿಕಾರಿನಿರ್ಣಯವೂ

ಯಾವ ಶಾಸ್ತ್ರಗ್ರಂಥವನ್ನು ಓದಲು ತೊಡಗಿದರೂ ಅದರ ವಿಷಯವೇನು, ಪ್ರಯೋಜನವೇನು, ಇವಕ್ಕೂ ಗ್ರಂಥಕ್ಕೂ ಇರುವ ಸಂಬಂಧವೇನು, ಅದನ್ನು ಓದತಕ್ಕ ಅಧಿಕಾರಿ ಯಾರು ಎಂಬ ನಾಲ್ಕು ಸಂಗತಿಗಳನ್ನು ಮೊದಲು ತಿಳಿದುಕೊಳ್ಳಬೇಕೆಂಬುದು ನಮ್ಮ ಪ್ರಾಚೀನರ ಸಂಪ್ರದಾಯ. ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಮೊದಲಿನ ಮೂರರ ವಿಷಯದಲ್ಲಿ ವಾದಕ್ಕೆ ಅಷ್ಟಾಗಿ ಎಡೆಯಿಲ್ಲ. ನಾಲ್ಕನೆಯದಾದ ಅಧಿಕಾರಿನಿರ್ಣಯವೇ ಎಲ್ಲ ಕಾಲದಲ್ಲಿಯೂ ಕಠಿನವಾದುದು. ಈಗಿನ ಕನ್ನಡದಲ್ಲಿ 'ಅಧಿಕಾರಿ' ಎಂದರೆ ಕಚೇರಿಯಲ್ಲಿ ಕುಳಿತು ಆಜ್ಞೆಮಾಡುವವನೆಂಬ ಅರ್ಥವು ರೂಢವಾಗಿ, ವಿದ್ಯೆಗೆ ಅರ್ಹನಾದವನೆಂಬ ಅರ್ಥವು ಹಿಂದೆ ಸರಿದಿರುವುದರಿಂದ ಇಷ್ಟನ್ನು ಹೇಳಬೇಕಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಾರ್ವಜನಿಕ ದ್ರವ್ಯದಿಂದಲೇ ನಡೆಯುತ್ತ, ವಿಜ್ಞಾನವ್ಯಾಸಂಗಕ್ಕೆಂದು ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವ ಕೆಲವು ಪ್ರೌಢಶಾಲೆಗಳಿವೆ. ಅವುಗಳಲ್ಲಿ ಕಲಿಸುವುದೇನೆಂಬುದನ್ನು ಕುರಿತು ಅಲ್ಲಿಯ ಜನರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಯಾರಿಗೆ ಕಲಿಸಬೇಕೆಂಬುದನ್ನು ಕುರಿತು ಶಾಸನಸಭೆಗಳೂ ನ್ಯಾಯಸ್ಥಾನಗಳೂ ಅರ್ಧಶತಮಾನದಿಂದ ವಾದಿಸುತ್ತಿವೆ. ಆ ಶಾಲೆಗಳ ಸ್ವರೂಪವನ್ನೂ ಆ ವಾದದ ಮೂಲವನ್ನೂ ನಮ್ಮ ಉಪಾಧ್ಯಾಯವರ್ಗಕ್ಕೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಇಂಥ ಶಾಲೆಗೆ ಆ ದೇಶದಲ್ಲಿ 'ಮ್ಯಾಗ್ನೆಟ್ ಸ್ಕೂಲ್' ಎಂದು ಹೆಸರು. ಸಂಸ್ಕೃತದಲ್ಲಿ ಅಯಸ್ಕಾಂತವೆಂದೂ ಕನ್ನಡದಲ್ಲಿ ಸೂಜಿಗಲ್ಲೆಂದೂ ಹೇಳುವ ವಸ್ತುವೇ ಈ ಮ್ಯಾಗ್ನೆಟ್. ಸೂಜಿಯನ್ನು ಸೆಳೆಯುವ ಕಲ್ಲು ಸೂಜಿಗಲ್ಲು. ನಮ್ಮ ಹಳ್ಳಿಗರ ಈ ಮಾತು ಸಂಸ್ಕೃತಪದಕ್ಕಿಂತ ಸ್ಫುಟವಾಗಿದೆಯೆಂದು ನನಗೆ ತೋರುವುದರಿಂದ 'ಸೂಜಿಗಲ್ಲು ಶಾಲೆ' ಎಂಬ ಹೆಸರನ್ನೇ ಇಲ್ಲಿ ಬಳಸಿದ್ದೇನೆ. ದರ್ಶನಗ್ರಂಥಗಳನ್ನು ಓದಿದವರಿಗೆ ಅಯಸ್ಕಾಂತದ ದೃಷ್ಟಾಂತವು ಹೊಸದಲ್ಲ. ಪುರುಷನು ತಾನು ಚಲಿಸದೆ ಕೇವಲ ಸಾನ್ನಿಧ್ಯದಿಂದಲೇ ಪ್ರಕೃತಿಯನ್ನು ಪ್ರವರ್ತಿಸುತ್ತಾನೆ, ಅಯಸ್ಕಾಂತವು ಕಬ್ಬಿಣವನ್ನು ಎಳೆಯುವಂತೆ, ಎಂದು ಸಾಂಖ್ಯರು ಹೇಳುವ ಮಾತನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಎತ್ತಿ ಖಂಡಿಸಲಾಗಿದೆ. ಅಲ್ಲಿ ಭಾಷ್ಯಕಾರರಾದ ಶಂಕರಾಚಾರ್ಯರು ಒಂದು ಸೂಕ್ಷ್ಮವನ್ನು ತೋರಿಸುತ್ತಾರೆ. ಅಯಸ್ಕಾಂತವು ಯಾವಾಗಲೂ ಕಬ್ಬಿಣದ ಬಳಿಯಲ್ಲಿರತಕ್ಕದ್ದಲ್ಲ, ಅದನ್ನು ಬಳಿಗೆ ತರಬೇಕು. ತಂದರೂ ಸಾಲದು, ಒರೆಸಿ ಶುಚಿಮಾಡುವುದೇ ಮೊದಲಾದ ಸಂಸ್ಕಾರವೂ ಬೇಕು ಎಂದು. ಇದಕ್ಕೆ ಪರಿಮಾರ್ಜನವೆಂದು ಹೆಸರು. ಈ ಪದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಶಾಲೆಗೆ ಸೂಜಿಗಲ್ಲಿನ ಹೆಸರು ಬಂದುದು ಅದು ಬುದ್ಧಿವಂತರನ್ನು ಸೆಳೆಯುತ್ತದೆಂಬ ಕಾರಣದಿಂದಲ್ಲ. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಬಿಳಿಯರ ಮಕ್ಕಳಿಗೂ ಆಫ್ರಿಕಾಮೂಲದ ಕರಿಯರ ಮಕ್ಕಳಿಗೂ ಪ್ರತ್ಯೇಕ ಶಾಲೆಗಳಿರತಕ್ಕದ್ದೆಂದು ಶಾಸನವೇ ಇತ್ತು. 1954ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಸ್ಥಾನವು, ಹೀಗೆ ಬೇರ್ಪಡಿಸುವುದು ರಾಜ್ಯಾಂಗವಿರುದ್ಧವೆಂದು ತೀರ್ಪಿತ್ತಿತು. ಶಾಸನವು ಹೋದರೂ ಬೇರ್ಪಾಡು ಹೋಗಲಿಲ್ಲ; ಏಕೆಂದರೆ ಅಲ್ಲಿ ಮಗುವು ತನ್ನ ಮನೆಯಿರುವ ವಠಾರದ ಶಾಲೆಗೇ ಹೋಗುವುದು ವಾಡಿಕೆ, ವಠಾರಗಳೋ ಮೊದಲೇ ಬೇರೆಬೇರೆ. ಆದಕಾರಣ ಮಕ್ಕಳನ್ನು ಬಸ್ಸುಗಳಲ್ಲಿ ಊರಿನ ಒಂದು ಭಾಗದಿಂದ ಇನ್ನೊಂದು ಭಾಗದ ಶಾಲೆಗೆ ಕಳುಹಿಸತಕ್ಕದ್ದೆಂದು ನ್ಯಾಯಾಧೀಶರು ಆಜ್ಞಾಪಿಸತೊಡಗಿದರು. 1971ರಲ್ಲಿ ಅತ್ಯುಚ್ಚ ನ್ಯಾಯಸ್ಥಾನವೂ ಈ ಉಪಾಯವನ್ನು ಒಪ್ಪಿತು. ಇದರಿಂದ ಜನರಲ್ಲಿ ಎದ್ದ ಕೋಪವು ಅಲ್ಪವಲ್ಲ. 1974ರಲ್ಲಿ ಬಾಸ್ಟನ್ ನಗರದಲ್ಲಿ ದೊಂಬಿಗಳೇ ನಡೆದವು. ಅದೇ ವರ್ಷ ಡೆಟ್ರಾಯಿಟ್ ನಗರದ ವ್ಯಾಜ್ಯದಲ್ಲಿ, ನಗರದ ಎಲ್ಲೆಯನ್ನು ದಾಟಿ ಸುತ್ತಲಿನ ಊರುಗಳ ಮಕ್ಕಳನ್ನು ಇದರಲ್ಲಿ ಸೇರಿಸಲಾಗದೆಂದು ನ್ಯಾಯಸ್ಥಾನವು ಹಿಂದೆಗೆಯಿತು.

ಬಲಾತ್ಕಾರದಿಂದ ಆಗದುದನ್ನು ಆಕರ್ಷಣೆಯಿಂದ ಸಾಧಿಸಬಹುದೆಂಬ ಆಲೋಚನೆ ಹುಟ್ಟಿದುದು ಈ ಸಂದರ್ಭದಲ್ಲಿ. ಬಡವರೂ ಕರಿಯರೂ ಹೆಚ್ಚಾಗಿ ವಾಸಿಸುವ ವಠಾರದ ಶಾಲೆಯಲ್ಲಿ ಬೇರೆಲ್ಲಿಯೂ ದೊರೆಯದ ಒಂದು ವಿದ್ಯೆಯನ್ನು ಇಟ್ಟರೆ, ದೂರದ ತಂದೆತಾಯಿಗಳು ತಾವಾಗಿಯೇ ಮಕ್ಕಳನ್ನು ಕಳುಹಿಸುವರಲ್ಲವೆ? 1968ರಲ್ಲಿ ಪಶ್ಚಿಮತೀರದ ಟಕೋಮ ನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಇದನ್ನು ಮೊದಲು ಮಾಡಿನೋಡಿದರು. 1971ರಲ್ಲಿ ಹ್ಯೂಸ್ಟನ್ ನಗರದಲ್ಲಿ ಸಂಗೀತ ನೃತ್ಯ ಚಿತ್ರಕಲೆಗಳಿಗೆಂದು ಇಂಥ ಒಂದು ಪ್ರೌಢಶಾಲೆಯನ್ನು ತೆರೆದರು. 1976ರಿಂದ ಕೇಂದ್ರಸರ್ಕಾರವು ಧನಸಹಾಯಕ್ಕೆ ತೊಡಗಿತು. ಸೂಜಿಗಲ್ಲೆಂಬ ಹೆಸರು ಈ ಅರ್ಥದಲ್ಲಿ ಸಾರ್ಥಕವಾದುದು: ಕಲ್ಲು ಇದ್ದಲ್ಲಿಯೇ ಇರುತ್ತದೆ, ಸೂಜಿಗಳು ನಾನಾ ಕಡೆಗಳಿಂದ ಬಂದು ಒಂದೆಡೆ ಕೂಡುತ್ತವೆ. ಬೆರೆಯುವುದೇ ಇಲ್ಲಿಯ ಪ್ರಯೋಜನ. ವಿಶೇಷವಿದ್ಯೆಯು ಅದಕ್ಕೆ ಸಾಧನ ಮಾತ್ರ.

ಆದರೆ ಇದಕ್ಕಿಂತ ಹಳೆಯದಾದ ಇನ್ನೊಂದು ಪರಂಪರೆಯೂ ಆ ದೇಶದಲ್ಲಿತ್ತು. ಅದಕ್ಕೆ ಹೋಲಿಕೆ ಸೂಜಿಗಲ್ಲಲ್ಲ, ಜರಡಿ. ನ್ಯೂಯಾರ್ಕ್ ನಗರದ ಸ್ಟೈವೆಸೆಂಟ್ ಪ್ರೌಢಶಾಲೆಯು 1904ರಲ್ಲಿ ಬಾಲಕರಿಗೆ ಕೈಕಸಬುಗಳನ್ನು ಕಲಿಸುವುದಕ್ಕಾಗಿ ಹುಟ್ಟಿ, ಬೇಗನೆ ಗಣಿತ ವಿಜ್ಞಾನಗಳಿಗೆ ಹೆಸರಾಗಿ, ಪ್ರವೇಶಪರೀಕ್ಷೆಯನ್ನು ಏರ್ಪಡಿಸಿಕೊಂಡಿತು. 1938ರಲ್ಲಿ ಅದೇ ನಗರದ ಬ್ರಾಂಕ್ಸ್ ವಿಭಾಗದಲ್ಲಿ ಮಾರಿಸ್ ಮೈಸ್ಟರ್ ಎಂಬವರ ಮುಖ್ಯೋಪಾಧ್ಯಾಯತ್ವದಲ್ಲಿ ಆರಂಭವಾದ ವಿಜ್ಞಾನ ಪ್ರೌಢಶಾಲೆಯ ಖ್ಯಾತಿಯು ಲೋಕದಲ್ಲಿಯೇ ಅಪೂರ್ವವಾದುದು. ಅಲ್ಲಿ ಓದಿದವರಲ್ಲಿ ಒಂಬತ್ತು ಮಂದಿಗೆ ನೊಬೆಲ್ ಪಾರಿತೋಷಕವು ಲಭಿಸಿದೆ. ಏಳು ಮಂದಿಗೆ ಭೌತವಿಜ್ಞಾನದಲ್ಲಿ, ಒಬ್ಬರಿಗೆ ರಸಾಯನದಲ್ಲಿ, ಒಬ್ಬರಿಗೆ ಅರ್ಥಶಾಸ್ತ್ರದಲ್ಲಿ. ಶೆಲ್ಡನ್ ಗ್ಲ್ಯಾಷೋ, ಸ್ಟೀವನ್ ವೈನ್‌ಬರ್ಗ್ ಎಂಬ ಇಬ್ಬರು 1950ರಲ್ಲಿ ಒಂದೇ ತಂಡದಲ್ಲಿ ಅಲ್ಲಿಂದ ಹೊರಬಂದವರು. 1979ರಲ್ಲಿ ಪಾಕಿಸ್ತಾನದ ಅಬ್ದುಸ್ ಸಲಾಮರೊಡನೆ ಪಾರಿತೋಷಕವನ್ನು ಹಂಚಿಕೊಂಡರು. ಒಂದು ಸಂಗತಿಯನ್ನು ಇಲ್ಲಿ ಲಕ್ಷಿಸಬೇಕು. ಮೊದಲ ಎಂಟು ವರ್ಷ, ಅಂದರೆ 1946ರವರೆಗೆ, ಬಾಲಿಕೆಯರು ಈ ಶಾಲೆಗೆ ಅಧಿಕಾರಿಗಳೇ ಆಗಿರಲಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ಪಾರಿತೋಷಕವನ್ನು ಪಡೆದ ಕ್ಲಾಡಿಯಾ ಗೋಲ್ಡಿನ್ ಈ ಶಾಲೆಯ ವಿದ್ಯಾರ್ಥಿನಿ. ಆಕೆಯ ಸಂಶೋಧನೆಯ ವಿಷಯವಾದರೋ ಸ್ತ್ರೀಯರ ಉದ್ಯೋಗವೂ ಸಂಪಾದನೆಯೂ. ಸ್ಟೈವೆಸೆಂಟ್ ಶಾಲೆಯ ಬಾಗಿಲು ಬಾಲಿಕೆಯರಿಗೆ ತೆರೆದುದು 1969ರಲ್ಲಿ. ಜರಡಿಯು ಸಣ್ಣದನ್ನೂ ದಪ್ಪವನ್ನೂ ಬೇರ್ಪಡಿಸುತ್ತದೆ, ನಿಜ. ಆದರೆ ಅದರೊಳಕ್ಕೆ ಸುರಿಯದೆ ಉಳಿಸಿದ ಧಾನ್ಯದ ವಿಷಯದಲ್ಲಿ ಅದು ಯಾವ ಸಾಕ್ಷ್ಯವನ್ನೂ ಹೇಳಲಾರದು.

ಈ ಎರಡು ಪರಂಪರೆಗಳು, ಸೂಜಿಗಲ್ಲೂ ಜರಡಿಯೂ, 1980ರ ದಶಕದಲ್ಲಿ ಒಂದಾದವು. 1957ರಲ್ಲಿ ರಷ್ಯನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಹುಟ್ಟಿದ್ದ ಆತಂಕವು, 1983ರಲ್ಲಿ ರಾಷ್ಟ್ರದ ವಿದ್ಯಾಭ್ಯಾಸವು ಅಪಾಯದಲ್ಲಿದೆಯೆಂದು ಒಂದು ಸರ್ಕಾರಿ ಮಂಡಲಿಯು ವರದಿಮಾಡಿದಾಗ ಮರುಕಳಿಸಿತು. 1985ರಲ್ಲಿ ರಾಜಧಾನಿಯಾದ ವಾಷಿಂಗ್‌ಟನ್ನಿನ ಉತ್ತರಕ್ಕೆ ಮೇರಿಲೆಂಡ್ ಸಂಸ್ಥಾನದಲ್ಲಿ ಒಂದು, ದಕ್ಷಿಣಕ್ಕೆ ಪೊಟೋಮ್ಯಾಕ್ ನದಿಯ ಆಚೆ ವರ್ಜಿನಿಯದಲ್ಲಿ ಒಂದು, ಹೀಗೆ ಎರಡು ವಿಜ್ಞಾನಶಾಲೆಗಳು ಒಂದೇ ವರ್ಷ ತೆರೆದವು. ಎರಡಕ್ಕೂ ಸೂಜಿಗಲ್ಲೆಂದೇ ಹೆಸರು. ಎರಡೂ ಮಕ್ಕಳನ್ನು ಆರಿಸಿಯೇ ಸೇರಿಸಿಕೊಂಡವು.

ಮೇರಿಲೆಂಡಿನದು ಸಿಲ್ವರ್ ಸ್ಪ್ರಿಂಗ್ ಎಂಬ ಊರಿನ ಮಾಂಟ್‌ಗಮರಿ ಬ್ಲೇರ್ ಪ್ರೌಢಶಾಲೆಯೊಳಗಿನ ವಿಭಾಗ. ಇಲ್ಲಿ ಶಾಲೆಯು ವಠಾರದ ಎಲ್ಲ ಮಕ್ಕಳದು, ಮೂರು ಸಾವಿರ ವಿದ್ಯಾರ್ಥಿಗಳಿರುವ ದೊಡ್ಡ ಶಾಲೆ. ಅದರೊಳಗೆ ವರ್ಷಕ್ಕೆ ಸುಮಾರು ನೂರು ಮಂದಿಯನ್ನು ಆರಿಸಿ, ನಾಲ್ಕು ವರ್ಷ ವಿಜ್ಞಾನ ಗಣಿತ ಗಣಕಶಾಸ್ತ್ರಗಳನ್ನು ಪ್ರತ್ಯೇಕವಾಗಿ ಬೋಧಿಸುತ್ತಾರೆ. ಕೊನೆಯಲ್ಲಿ ಪ್ರತಿಯೊಬ್ಬನೂ ಒಂದು ಸಂಶೋಧನೆಯನ್ನು ಕೈಗೊಳ್ಳುತ್ತಾನೆ. ನೆರೆಯ ಊರುಗಳಲ್ಲಿಯೇ ಕೇಂದ್ರಸರ್ಕಾರದ ದೊಡ್ಡ ದೊಡ್ಡ ಪ್ರಯೋಗಶಾಲೆಗಳಿರುವುದು ಇದಕ್ಕೆ ಅನುಕೂಲ. ಸೂಜಿಗಲ್ಲಿನ ಮೂಲಾರ್ಥವು ಇಲ್ಲಿ ಹೆಚ್ಚಾಗಿ ಉಳಿದಿದೆಯೆಂದು ಹೇಳಬಹುದು. ಆದರೂ ಒಂದೇ ಸೂರಿನ ಕೆಳಗೆ ಇದ್ದಮಾತ್ರದಿಂದ ಬೆರೆತಂತಾಯಿತೆ ಎಂಬ ಶಂಕೆ ಉಳಿಯುತ್ತದೆ. ನೀರೂ ಎಣ್ಣೆಯೂ ಒಂದೇ ಪಾತ್ರೆಯಲ್ಲಿರುವುದುಂಟು.

ವರ್ಜಿನಿಯದ್ದು ಥಾಮಸ್ ಜೆಫರ್ಸನ್ ವಿಜ್ಞಾನ ಮತ್ತು ಯಂತ್ರವಿದ್ಯಾ ಪ್ರೌಢಶಾಲೆ. ಫೇರ್‌ಫ್ಯಾಕ್ಸ್ ಪ್ರಾಂತವೂ ಅದರ ನೆರೆಯ ಪ್ರಾಂತಗಳೂ ಕಳುಹಿಸುವ ಮಕ್ಕಳು ಮಾತ್ರ ಇಲ್ಲಿ ಓದುತ್ತಾರೆ. ವಠಾರದ ಶಾಲೆಯೆಂಬುದು ಇದರಲ್ಲಿ ಇಲ್ಲ. ಇಲ್ಲಿಯ ಪಠ್ಯಕ್ರಮದಲ್ಲಿ ಸಾಹಿತ್ಯೋಪಾಧ್ಯಾಯರು ಕಿವಿಗೊಡಬೇಕಾದ ಒಂದು ವಿಶೇಷವಿದೆ. ಮೊದಲನೆಯ ವರ್ಷದಲ್ಲಿ ಜೀವಶಾಸ್ತ್ರ, ಇಂಗ್ಲಿಷು, ಯಂತ್ರವಿದ್ಯೆ ಈ ಮೂರನ್ನೂ ಒಂದೇ ತಂಡದ ಮಕ್ಕಳಿಗೆ ಮೂವರು ಉಪಾಧ್ಯಾಯರು ಕೂಡಿ ಪಾಠಹೇಳುವ ಏರ್ಪಾಡನ್ನು ಮಾಡಿದರು. ತಾನು ಕಂಡುದನ್ನು ಕಂಡಂತೆ ಬರೆಯಲಾರದವನ ಪ್ರಯೋಗವು ಪ್ರಯೋಗವೇ ಅಲ್ಲವೆಂಬುದು ಇದರ ಹಿಂದಿನ ಯುಕ್ತಿಯಾಗಿರಬೇಕು. ನಮ್ಮಲ್ಲಿ ವ್ಯಾಕರಣವನ್ನು ಸರ್ವಶಾಸ್ತ್ರೋಪಕಾರಕವೆಂದು ಹೇಳಿ, ಆಮೇಲೆ ಅದನ್ನು ಬೇರೆಯ ಕೋಣೆಯಲ್ಲಿ ಕೂಡಿಸಿ ಬಾಗಿಲೆಳೆಯುತ್ತೇವೆ. ಕೊನೆಯ ವರ್ಷದಲ್ಲಿ ಇಲ್ಲಿಯ ವಿದ್ಯಾರ್ಥಿಯು ಖಗೋಳ, ಸಮುದ್ರವಿಜ್ಞಾನ, ನರಶಾಸ್ತ್ರ, ಗಣಕಶಾಸ್ತ್ರ ಮುಂತಾದವುಗಳಿಗೆ ಇರುವ ಪ್ರಯೋಗಶಾಲೆಗಳಲ್ಲಿ ಒಂದನ್ನು ಹಿಡಿದು ಸ್ವತಂತ್ರವಾಗಿ ಕೆಲಸಮಾಡಬೇಕು. ಈ ಶಾಲೆಯ ಮಕ್ಕಳು ನಿರ್ಮಿಸಿದ ಒಂದು ಚಿಕ್ಕ ಉಪಗ್ರಹವು 2013ರ ನವೆಂಬರಿನಲ್ಲಿ ಆಕಾಶಕ್ಕೇರಿತು. ಪ್ರೌಢಶಾಲೆಯ ವಿದ್ಯಾರ್ಥಿಗಳು ಕಟ್ಟಿದ ಉಪಗ್ರಹಗಳಲ್ಲಿ ಅದೇ ಮೊದಲನೆಯದು.

ಇನ್ನು ಅಧಿಕಾರಿನಿರ್ಣಯಕ್ಕೆ ಬರೋಣ. ನ್ಯೂಯಾರ್ಕಿನಲ್ಲಿ ಇದು 1971ರಲ್ಲಿಯೇ ಶಾಸನರೂಪವನ್ನು ತಾಳಿತು. ಬ್ರಾಂಕ್ಸಿನ ವಿಜ್ಞಾನಶಾಲೆ, ಸ್ಟೈವೆಸೆಂಟ್, ಬ್ರೂಕ್ಲಿನ್ ಯಂತ್ರವಿದ್ಯಾಶಾಲೆ ಇವುಗಳಿಗೆ ಪ್ರವೇಶವು ಸ್ಪರ್ಧಾಪರೀಕ್ಷೆಯೊಂದರಿಂದಲೇ ಆಗತಕ್ಕದ್ದೆಂದು ಸಂಸ್ಥಾನದ ಶಾಸನಸಭೆಯು ವಿಧಿಸಿತು. ಈಗ ಎಂಟು ಶಾಲೆಗಳು ಈ ಪರೀಕ್ಷೆಯನ್ನು ಅನುಸರಿಸುತ್ತವೆ. ವರ್ಷಕ್ಕೆ ಸುಮಾರು 25,000 ಮಕ್ಕಳು ಕುಳಿತರೆ ಸುಮಾರು 4,000 ಮಂದಿಗೆ ಸ್ಥಾನ ದೊರೆಯುತ್ತದೆ. ಇಂಗ್ಲಿಷು, ಗಣಿತ ಇವೆರಡೇ ವಿಷಯಗಳು. ಒಂದು ದಿನದ ಅಂಕ ಬಿಟ್ಟರೆ ಬೇರೆ ಯಾವುದೂ ಲೆಕ್ಕಕ್ಕಿಲ್ಲ. ಇದರ ಗುಣವೇನೆಂದರೆ, ಯಾರ ಮಗ, ಯಾರ ಶಿಫಾರಸು ಎಂಬುದಕ್ಕೆ ಇಲ್ಲಿ ಎಡೆಯಿಲ್ಲ. ಹೊಸದಾಗಿ ಆ ದೇಶಕ್ಕೆ ಬಂದು, ಅಂಗಡಿಯಲ್ಲಿಯೋ ಅಡುಗೆಮನೆಯಲ್ಲಿಯೋ ದುಡಿಯುವವರ ಮಕ್ಕಳು ಎಷ್ಟೋ ಮಂದಿ ಈ ಬಾಗಿಲಿನಿಂದಲೇ ಒಳಹೊಕ್ಕರು. ಇದರ ದೋಷವು 2019ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಆ ವರ್ಷ ಸ್ಟೈವೆಸೆಂಟ್ ಶಾಲೆಗೆ ಆಯ್ಕೆಯಾದ 895 ಮಂದಿಯಲ್ಲಿ ಆಫ್ರಿಕಾಮೂಲದವರು 7 ಮಂದಿ. ಪರೀಕ್ಷೆಯನ್ನು ತೆಗೆದುಹಾಕಬೇಕೆಂದು ನಗರಾಧ್ಯಕ್ಷರು 2018ರಲ್ಲಿಯೇ ಸೂಚಿಸಿದ್ದರು. ಶಾಸನಸಭೆಯು ಅದಕ್ಕೆ ಸಮ್ಮತಿಸಲಿಲ್ಲ.

ಪರೀಕ್ಷೆಯೇ ಬೇಡವೆಂಬವರ ಪಕ್ಷವನ್ನು ನಾನು ಹಿಡಿಯುವವನಲ್ಲ. ಪಾಠಶಾಲೆಗಳಲ್ಲಿ ಓದಿದವರಿಗೆ ಶಲಾಕಾಪರೀಕ್ಷೆಯೆಂದರೆ ಏನೆಂದು ಗೊತ್ತು: ಓಲೆಯ ಕಟ್ಟಿನೊಳಗೆ ಒಂದು ಕಡ್ಡಿಯನ್ನು ತೂರಿಸಿ, ಅದು ತಗಲಿದ ಓಲೆಯಲ್ಲಿರುವ ಪಂಕ್ತಿಗೆ ವಿದ್ಯಾರ್ಥಿಯಿಂದ ಅರ್ಥವನ್ನು ಹೇಳಿಸುವುದು. ಆ ಕಡ್ಡಿಗೆ ದಾಕ್ಷಿಣ್ಯವಿಲ್ಲ. ಆದರೆ ಅದು ಗುರುವು ತಾನೇ ಹೇಳಿದ ಪಾಠವನ್ನು ಶಿಷ್ಯನು ಗ್ರಹಿಸಿದನೇ ಎಂದು ನೋಡುವ ಪರೀಕ್ಷೆ. ಪಾಠದ ಅನಂತರ ನಡೆಯತಕ್ಕದ್ದು. ಪ್ರವೇಶಪರೀಕ್ಷೆಯಾದರೋ ಪಾಠಕ್ಕೆ ಮೊದಲು ನಡೆಯುತ್ತದೆ, ಬೇರೆಯವರು ಕಲಿಸಿದುದನ್ನು ಕೇಳುತ್ತದೆ. ಕಲಿಸಿದ ಆ ಬೇರೆಯವರು ಯಾರು? ಕೆಲವರಿಗೆ ಒಳ್ಳೆಯ ಪ್ರಾಥಮಿಕ ಶಾಲೆ, ಕೆಲವರಿಗೆ ಹಣಕೊಟ್ಟು ಸೇರುವ ಸಂಜೆಯ ತರಗತಿಗಳು, ಕೆಲವರಿಗೆ ಯಾರೂ ಇಲ್ಲ. ಭಾಷ್ಯಕಾರರು ಹೇಳಿದ ಪರಿಮಾರ್ಜನದ ಮಾತು ಇಲ್ಲಿ ನೆನಪಾಗಬೇಕು. ಒರೆಸಿ ಶುಚಿಮಾಡದೆ ಆಕರ್ಷಣೆಯು ಫಲಿಸದೆಂದಾದರೆ, ಒಂದು ಸೂಜಿಯು ಅಂಟಲಿಲ್ಲವೆಂಬುದರಿಂದ ಅದು ಕಬ್ಬಿಣವೇ ಅಲ್ಲವೆಂದು ಸಿದ್ಧಾಂತಮಾಡಲಾಗದು. ಪ್ರತಿಬಂಧಕವಿರುವಲ್ಲಿ ಕಾರ್ಯವು ಹುಟ್ಟದಿದ್ದರೆ ಅದರಿಂದ ಕಾರಣದ ಅಭಾವವನ್ನು ಅನುಮಾನಿಸಬಾರದೆಂಬುದು ತಾರ್ಕಿಕರ ಮೊದಲ ಪಾಠಗಳಲ್ಲೊಂದು.

ವರ್ಜಿನಿಯದ ಶಾಲೆಯಲ್ಲಿ ಇದೇ ವಿವಾದವು ಇನ್ನೊಂದು ದಾರಿಯನ್ನು ಹಿಡಿಯಿತು. ಅಲ್ಲಿಯೂ ಪರೀಕ್ಷೆಯಿತ್ತು, ಅರ್ಜಿಗೆ ನೂರು ಡಾಲರು ಶುಲ್ಕವೂ ಇತ್ತು. 2020ರ ಕೊನೆಯಲ್ಲಿ ಪ್ರಾಂತದ ಶಾಲಾಮಂಡಲಿಯು ಎರಡನ್ನೂ ರದ್ದುಮಾಡಿ, ಸ್ಥಾನಗಳನ್ನು 550ಕ್ಕೆ ಏರಿಸಿತು. ಪ್ರತಿಯೊಂದು ಮಾಧ್ಯಮಿಕ ಶಾಲೆಗೂ, ಅದರ ಎಂಟನೆಯ ತರಗತಿಯ ಸಂಖ್ಯೆಯಲ್ಲಿ ನೂರಕ್ಕೆ ಒಂದೂವರೆಯಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಎಂದರೆ ನಾನೂರು ಮಕ್ಕಳಿರುವ ಶಾಲೆಗೆ ಆರು. ಮಿಕ್ಕ ಸ್ಥಾನಗಳಿಗೆ ಉಳಿದವರೆಲ್ಲರೂ ಸ್ಪರ್ಧಿಸಬಹುದು. ತರಗತಿಯ ಅಂಕಗಳನ್ನೂ ಮಕ್ಕಳು ಬರೆದ ಪ್ರಬಂಧಗಳನ್ನೂ ಮನೆಯ ಬಡತನ ಮೊದಲಾದ ಕೆಲವು ಸಂಗತಿಗಳನ್ನೂ ಪರಿಶೀಲಿಸುವವರಿಗೆ ಮಗುವಿನ ಹೆಸರಾಗಲಿ ಕುಲವಾಗಲಿ ತಿಳಿಯದಂತೆ ಸಂಖ್ಯೆಯನ್ನು ಮಾತ್ರ ಕೊಡುತ್ತಾರೆ. ಮೊದಲನೆಯ ವರ್ಷದ ಫಲವಿದು: ಆಯ್ಕೆಯಾದವರಲ್ಲಿ ಏಷಿಯಾಮೂಲದವರ ಪ್ರಮಾಣವು ನೂರಕ್ಕೆ 73ರಿಂದ 54ಕ್ಕೆ ಇಳಿಯಿತು, ಆಫ್ರಿಕಾಮೂಲದವರದು 1ರಿಂದ 7ಕ್ಕೆ, ಲ್ಯಾಟಿನ್ ಅಮೆರಿಕಮೂಲದವರದು 3ರಿಂದ 11ಕ್ಕೆ ಏರಿತು, ಬಡಕುಟುಂಬಗಳ ಮಕ್ಕಳು ನೂರಕ್ಕೆ ಒಬ್ಬರಷ್ಟಿದ್ದವರು 25ರಷ್ಟಾದರು.

ಏಷಿಯಾಮೂಲದವರೆಂದರೆ ಅಲ್ಲಿ ಬಹುಮಂದಿ ಭಾರತೀಯರ ಮಕ್ಕಳೇ. ಆದಕಾರಣ ಈ ವಿವಾದವು ನಮಗೆ ತೀರ ದೂರದ್ದಲ್ಲ. ಕೆಲವರು ತಂದೆತಾಯಿಗಳು ಕೂಡಿ, ಈ ನಿಯಮವು ಹೊರನೋಟಕ್ಕೆ ಎಲ್ಲರಿಗೂ ಒಂದೇ ಆಗಿದ್ದರೂ ತಮ್ಮ ಮಕ್ಕಳನ್ನು ಕಡಿಮೆಮಾಡುವುದೇ ಅದರ ಗೂಢೋದ್ದೇಶವೆಂದು ವ್ಯಾಜ್ಯವನ್ನು ಹೂಡಿದರು. 2022ರ ಫೆಬ್ರುವರಿಯಲ್ಲಿ ಕೆಳಗಿನ ನ್ಯಾಯಸ್ಥಾನವು ಅವರ ಪಕ್ಷವನ್ನು ಎತ್ತಿಹಿಡಿಯಿತು. 2023ರ ಮೇ ತಿಂಗಳಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಮೂವರಲ್ಲಿ ಇಬ್ಬರ ಮತದಿಂದ ಅದನ್ನು ತಿರುಗಿಸಿತು: ಅರ್ಜಿದಾರರಲ್ಲಿ ಏಷಿಯಾಮೂಲದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆಯಿದ್ದು, ಆಯ್ಕೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚಿರುವಾಗ ಅನ್ಯಾಯವೆಲ್ಲಿ ಎಂಬುದು ಅದರ ಯುಕ್ತಿಗಳಲ್ಲೊಂದು. 2024ರ ಫೆಬ್ರುವರಿಯಲ್ಲಿ ಅತ್ಯುಚ್ಚ ನ್ಯಾಯಸ್ಥಾನವು ವ್ಯಾಜ್ಯವನ್ನು ವಿಚಾರಣೆಗೆ ಎತ್ತಿಕೊಳ್ಳಲು ನಿರಾಕರಿಸಿತು. ಇಬ್ಬರು ನ್ಯಾಯಾಧೀಶರು ಇದಕ್ಕೆ ಭಿನ್ನಮತವನ್ನು ಬರೆದರು. ರಾತ್ರಿಯೆಲ್ಲ ಕುಳಿತು ಓದಿದ ಹುಡುಗಿಯೊಬ್ಬಳು, ತಾನಿರುವ ಶಾಲೆಯಲ್ಲಿ ತನ್ನಂಥವರು ಹೆಚ್ಚಾಗಿದ್ದುದರಿಂದಲೇ ಹೊರಗುಳಿದಳೆಂದರೆ ಅವಳ ದುಃಖವನ್ನು ಅಂಕಿಗಳಿಂದ ಸಮಾಧಾನಪಡಿಸಲಾಗದು. ಆ ಪಕ್ಷದ ಬಲವೂ ಅಷ್ಟೇ ದೊಡ್ಡದು.

ಈ ಹೊಸ ನಿಯಮವನ್ನು ಕಂಡವರು ಅದನ್ನು ಹಿಂದೆಂದೂ ಇಲ್ಲದ ನೂತನಕಲ್ಪನೆಯೆಂದು ತಿಳಿದರು. ಅದು ಹಾಗಲ್ಲ. ಶಾಲೆಗೆ ಯಾರ ಹೆಸರನ್ನು ಇಟ್ಟಿದ್ದಾರೋ ಆ ಥಾಮಸ್ ಜೆಫರ್ಸನ್ 1779ರಲ್ಲಿ ವರ್ಜಿನಿಯದ ಶಾಸನಸಭೆಯ ಮುಂದೆ ಇಡಿಸಿದ ವಿದ್ಯಾಪ್ರಸಾರದ ಮಸೂದೆಯಲ್ಲಿ ಇಂಥದೇ ಒಂದು ಕ್ರಮವಿತ್ತು. ಊರೂರಿನ ಶಾಲೆಗಳಲ್ಲಿ ಬಾಲಕಬಾಲಿಕೆಯರೆಲ್ಲರಿಗೂ ಮೂರು ವರ್ಷ ವೆಚ್ಚವಿಲ್ಲದ ಪಾಠ. ಆಮೇಲೆ ಶಾಲೆಗಳಿಂದ, ತಂದೆತಾಯಿಗಳು ಮುಂದೆ ಓದಿಸಲಾರದ ಬಡ ಬಾಲಕರಲ್ಲಿ ಅತ್ಯುತ್ತಮನಾದವನನ್ನು ಆರಿಸಿ ಮೇಲಿನ ಶಾಲೆಗೆ ಕಳುಹಿಸುವುದು. ಅಲ್ಲಿ ಮತ್ತೆ ಮತ್ತೆ ಸೋಸಿ, ಉಳಿದ ಕೆಲವರನ್ನು ಸರ್ಕಾರದ ವೆಚ್ಚದಲ್ಲಿಯೇ ಕಾಲೇಜಿನವರೆಗೆ ಓದಿಸುವುದು. ಆತನು ಬಯಸಿದ ರೂಪದಲ್ಲಿ ಮಸೂದೆಯು ಶಾಸನವಾಗಲಿಲ್ಲ. ಜರಡಿಯನ್ನು ಹಿಡಿಯುವ ಮೊದಲು ಎಲ್ಲ ಊರುಗಳ ಧಾನ್ಯವನ್ನೂ ಅದಕ್ಕೆ ಸುರಿಯಬೇಕೆಂಬ ವಿವೇಕವು ಅದರಲ್ಲಿತ್ತು. 2020ರ ನಿಯಮದ ಸಾರವೂ ಅದೇ. ಬಾಲಿಕೆಯರಿಗೆ ಮೂರನೆಯ ವರ್ಷದ ಮೇಲೆ ಅಧಿಕಾರವಿಲ್ಲ. ಜೆಫರ್ಸನನ ಸ್ವಂತ ಹೊಲಗಳಲ್ಲಿ ದುಡಿಯುತ್ತಿದ್ದ ನೂರಾರು ಗುಲಾಮರ ಮಕ್ಕಳಿಗಾದರೋ ಮೊದಲನೆಯ ದಿನದ ಪಾಠಕ್ಕೂ ಅಧಿಕಾರವಿರಲಿಲ್ಲ.

ಪರೀಕ್ಷೆಯನ್ನು ಬಿಟ್ಟು ಪ್ರಬಂಧವನ್ನು ಹಿಡಿದುದರಿಂದ ಮಾತ್ರ ದೋಷವು ನೀಗಿತೆಂದು ನಾನು ನಂಬಲಾರೆ. ಮೂವತ್ತು ವರ್ಷ ಭಾಷೆಯನ್ನು ಕಲಿಸಿದ ಅನುಭವದಿಂದ ಹೇಳುತ್ತೇನೆ: ಗಣಿತದ ಉತ್ತರವನ್ನು ಬೇರೆಯವರಿಂದ ಹೇಳಿಸಿಕೊಂಡು ಬರೆಯುವುದಕ್ಕಿಂತ ಪ್ರಬಂಧವನ್ನು ಹೇಳಿಸಿಕೊಂಡು ಬರೆಯುವುದು ಸುಲಭ. ನ್ಯೂಯಾರ್ಕಿನ 1971ರ ಶಾಸನದಲ್ಲಿಯೇ ಇದಕ್ಕಿಂತ ಗಟ್ಟಿಯಾದ ಒಂದು ಉಪಾಯವು ಅಡಗಿತ್ತು. ಶಾಸನವನ್ನು ಹೊಗಳುವವರೂ ತೆಗಳುವವರೂ ಅದನ್ನು ಬಹುಕಾಲ ಗಮನಿಸದೆ ಬಿಟ್ಟರು. ಪರೀಕ್ಷೆಯಲ್ಲಿ ನಿಗದಿಯಾದ ಅಂಕಕ್ಕೆ ಸ್ವಲ್ಪವೇ ಕೆಳಗೆ ನಿಂತ ಬಡಮಕ್ಕಳು, ಬೇಸಗೆಯ ರಜದಲ್ಲಿ ಶಾಲೆಯವರೇ ನಡೆಸುವ ತರಗತಿಗಳಲ್ಲಿ ಓದಿ ತೇರ್ಗಡೆಯಾದರೆ ಅವರನ್ನೂ ಸೇರಿಸಿಕೊಳ್ಳಬಹುದೆಂಬ ವಿಧಿಯಿದು. ಇಲ್ಲಿ ಮೊದಲು ಪಾಠ, ಅನಂತರ ನಿರ್ಣಯ. ಕಡ್ಡಿಯು ತಗಲುವುದು ತಾವು ಕಲಿಸಿದ ಓಲೆಗೆ. 2018ರಲ್ಲಿ ನಗರದವರು ಈ ವಿಧಿಯನ್ನು ವಿಸ್ತರಿಸಿ, ಪ್ರತಿಶಾಲೆಯಲ್ಲಿಯೂ ಐದರಲ್ಲಿ ಒಂದು ಸ್ಥಾನವನ್ನು ಇದಕ್ಕೆಂದು ಬಿಡಲು ಗೊತ್ತುಮಾಡಿದರು.